ಡೌನ್‌ಲೋಡ್ ಆಗಿದ್ದು ಹೊಸ ಫೈಲೋ, ಹಳೆಯ ಪ್ರತಿಯೋ?

ಪ್ರೋಗ್ರಾಂ ಒಂದು ಫೈಲ್ ಡೌನ್‌ಲೋಡ್ ಮಾಡಿತು. ಎರರ್ ಏನೂ ಬರಲಿಲ್ಲ. ಫೈಲ್ ಡಿಸ್ಕಿನಲ್ಲಿದೆ, ಸರಿಯಾಗಿ ತೆರೆದುಕೊಳ್ಳುತ್ತದೆ. ಆದರೆ ಅದರೊಳಗಿರುವುದು ಮೊನ್ನೆಯ ಮಾಹಿತಿ. ಸರ್ವರ್‌ನಲ್ಲಿ ನಿನ್ನೆಯೇ ಹೊಸ ಫೈಲ್ ಹಾಕಿ ಆಗಿದೆ. ಪಕ್ಕದ ಕಂಪ್ಯೂಟರ್‌ನಲ್ಲಿ ಅದೇ ವಿಳಾಸ ಕೊಟ್ಟರೆ ಹೊಸದೇ ಬರುತ್ತದೆ. ಇಲ್ಲಿ ಮಾತ್ರ ಎಷ್ಟು ಸಲ ಒತ್ತಿದರೂ ಹಳೆಯದೇ.

ನನಗೆ ಇದು ಎದುರಾದದ್ದು ಒಂದು ಸಣ್ಣ ಡೆಸ್ಕ್‌ಟಾಪ್ ಪ್ರೋಗ್ರಾಂಗೆ ಅಪ್‌ಡೇಟ್ ನೋಡುವ ಭಾಗ ಬರೆಯುವಾಗ. ಎರಡು ದಿನ ಸರ್ವರ್‌ನಲ್ಲೇ ತಪ್ಪು ಹುಡುಕಿದೆ. ಕೊನೆಗೆ ಸರ್ವರ್‌ನ ಲಾಗ್ ತೆರೆದು ನೋಡಿದರೆ, ಆ ಕಂಪ್ಯೂಟರ್‌ನಿಂದ ರಿಕ್ವೆಸ್ಟ್ ಬಂದೇ ಇರಲಿಲ್ಲ. ನನ್ನ ಪ್ರೋಗ್ರಾಂ ಡೌನ್‌ಲೋಡ್ ಮುಗಿಯಿತು ಎಂದು ಹೇಳುತ್ತಿತ್ತು, ಆದರೆ ನೆಟ್‌ವರ್ಕ್ ಕಡೆ ಹೋಗುತ್ತಲೇ ಇರಲಿಲ್ಲ. ಮನೆಯೊಳಗೇ ಇದ್ದ ಹಳೆಯ ಪ್ರತಿಯನ್ನು ತೆಗೆದು ನನ್ನ ಕೈಗಿಡುತ್ತಿತ್ತು.

ಆ ಹಳೆಯ ಪ್ರತಿ ಇದ್ದ ಜಾಗವೇ ಕ್ಯಾಶ್. ಒಮ್ಮೆ ತಂದದ್ದು ಮತ್ತೆ ಬೇಕಾಗಬಹುದು ಎಂದು ಹತ್ತಿರದಲ್ಲೇ ಎತ್ತಿಡುವ ಏರ್ಪಾಡು. ಬ್ರೌಸರ್‌ನಲ್ಲಿ ಇದು ಇರುತ್ತದೆ ಎಂದು ಎಲ್ಲರಿಗೂ ಗೊತ್ತು. ಆದರೆ ನಾವು ಬರೆದ ಪ್ರೋಗ್ರಾಂನಲ್ಲಿ ನಾವು ಕೇಳದೆಯೇ ಅದು ಹೇಗೆ ಬಂತು? ನಾವು ಬಳಸಿದ ಲೈಬ್ರರಿಯ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್‌ನ, ಜೊತೆಗೆ ಬಂತು. ಹಾಗಾಗಿ ಮೊದಲು ತಿಳಿಯಬೇಕಾದದ್ದು ಇದು: ನೀವು ಬಳಸುವ ಲೈಬ್ರರಿಯಲ್ಲಿ ಕ್ಯಾಶ್ ಇದೆಯೋ ಇಲ್ಲವೋ?

ಲೈಬ್ರರಿಗೊಂದು ಪದ್ಧತಿ

ವಿಂಡೋಸ್‌ನಲ್ಲಿ ಈ ಗೊಂದಲ ಎಲ್ಲಕ್ಕಿಂತ ಜಾಸ್ತಿ. ಅಲ್ಲಿ ಎಚ್‌ಟಿಟಿಪಿಗೆ, ಅಂದರೆ ವೆಬ್‌ನಲ್ಲಿ ಫೈಲ್ ಕೇಳಿ ತರುವ ಪದ್ಧತಿಗೆ, ಎರಡು ಹಳೆಯ ದಾರಿಗಳಿವೆ. ಒಂದು ವಿನ್‌ಇನೆಟ್, ಇನ್ನೊಂದು ವಿನ್‌ಎಚ್‌ಟಿಟಿಪಿ. ಹೆಸರು ಒಂದೇ ತರಹ ಕೇಳಿಸುತ್ತದೆ, ಆದರೆ ಸ್ವಭಾವ ಬೇರೆ. ವಿನ್‌ಇನೆಟ್ ಇಂಟರ್ನೆಟ್ ಎಕ್ಸ್‌ಪ್ಲೋರರ್ ಜೊತೆಗೆ ಬೆಳೆದದ್ದು. ಬಂದ ಉತ್ತರಗಳನ್ನು ಬಳಕೆದಾರರ ಪ್ರೊಫೈಲ್ ಒಳಗಿನ ಒಂದು ಫೋಲ್ಡರ್‌ನಲ್ಲಿ ಉಳಿಸಿಕೊಳ್ಳುತ್ತದೆ. ಕುಕೀ, ಪ್ರಾಕ್ಸಿ (ನಡುವೆ ನಿಂತು ರಿಕ್ವೆಸ್ಟ್ ದಾಟಿಸುವ ಸರ್ವರ್) ಸೆಟ್ಟಿಂಗ್, ಕ್ಯಾಶ್ ಎಲ್ಲವೂ ಆ ಬಳಕೆದಾರರಿಗೆ ಸೇರಿದ್ದು. ಪ್ರೋಗ್ರಾಂ ನಿಮ್ಮದಾದರೂ ಕ್ಯಾಶ್ ನಿಮ್ಮ ಪ್ರೋಗ್ರಾಂಗೆ ಮಾತ್ರ ಸೇರಿದ್ದಲ್ಲ. ವಿನ್‌ಎಚ್‌ಟಿಟಿಪಿ ಸರ್ವರ್ ಮತ್ತು ಸರ್ವಿಸ್‌ಗಳಿಗೆಂದು ಮಾಡಿದ್ದು. ಅದು ಡಿಸ್ಕಿನಲ್ಲಿ ಯಾವ ಪ್ರತಿಯನ್ನೂ ಇಟ್ಟುಕೊಳ್ಳುವುದಿಲ್ಲ.

ಬಹಳ ಜನ ಬಳಸುವ ಯುಆರ್‌ಎಲ್‌ಡೌನ್‌ಲೋಡ್‌ಟುಫೈಲ್ ಎಂಬ ಫಂಕ್ಷನ್ ಕೆಲಸ ಮಾಡುವುದು ವಿನ್‌ಇನೆಟ್ ಕ್ಯಾಶ್ ಮೂಲಕ. ಒಂದೇ ಸಾಲಿನಲ್ಲಿ ಫೈಲ್ ಇಳಿಸಬಹುದು ಎಂಬ ಕಾರಣಕ್ಕೆ ಅದು ಅಷ್ಟು ಜನಪ್ರಿಯ. ಆ ಒಂದು ಸಾಲಿನಲ್ಲಿ ಕ್ಯಾಶ್ ಬೇಡ ಎಂದು ಹೇಳಲು ಮಾತ್ರ ಜಾಗವೇ ಇಲ್ಲ. ಹಾಗಾಗಿ ಜನ ಕಂಡುಕೊಂಡ ದಾರಿ, ಅದನ್ನು ಕರೆಯುವ ಮೊದಲು ಡಿಲೀಟ್‌ಯುಆರ್‌ಎಲ್‌ಕ್ಯಾಶ್‌ಎಂಟ್ರಿ ಎಂಬ ಇನ್ನೊಂದು ಫಂಕ್ಷನ್ ಕರೆದು ಆ ವಿಳಾಸದ ಹಳೆಯ ಪ್ರತಿಯನ್ನು ಅಳಿಸುವುದು. ಕೆಲಸ ಆಗುತ್ತದೆ. ಆದರೆ ವಿಳಾಸ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಸರ್ವರ್ ಬೇರೆ ವಿಳಾಸಕ್ಕೆ ದಾಟಿಸುತ್ತಿದ್ದರೆ ಆ ಎರಡನೆಯ ವಿಳಾಸದ ಪ್ರತಿಯ ಬಗ್ಗೆಯೂ ಯೋಚಿಸಬೇಕು.

ಸ್ಕ್ರಿಪ್ಟ್ ಬರೆಯುವ ಉಪಕರಣಗಳಲ್ಲಿ ಇದೇ ವಿಷಯ ಇನ್ನೂ ಚೆನ್ನಾಗಿ ಕಾಣುತ್ತದೆ. ಆಟೋಇಟ್‌ನ ಇನೆಟ್‌ಗೆಟ್ ಏನೂ ಹೇಳದಿದ್ದರೆ ಲೋಕಲ್ ಕ್ಯಾಶ್‌ನಲ್ಲಿ ಇದ್ದರೆ ಅಲ್ಲಿಂದಲೇ ಕೊಡುತ್ತದೆ. ಆಪ್ಷನ್ ಜಾಗದಲ್ಲಿ 1 ಎಂದು ಕೊಟ್ಟರೆ ಮಾತ್ರ ಸರ್ವರ್‌ಗೆ ಹೋಗುತ್ತದೆ. ಆಟೋಹಾಟ್‌ಕೀ ಪೂರ್ತಿ ಉಲ್ಟಾ. ಏನೂ ಹೇಳದಿದ್ದರೆ ಕ್ಯಾಶ್ ಬಿಟ್ಟು ಸರ್ವರ್‌ನಿಂದಲೇ ತರುತ್ತದೆ. ಕ್ಯಾಶ್ ಬೇಕಿದ್ದರೆ ವಿಳಾಸದ ಮುಂದೆ ನಕ್ಷತ್ರ ಚಿಹ್ನೆ, ಸೊನ್ನೆ, ಒಂದು ಖಾಲಿ ಜಾಗ ಹಾಕಬೇಕು. ಮಾಡುವ ಕೆಲಸ ಒಂದೇ, ಆದರೆ ಸುಮ್ನೆ ಬಿಟ್ಟರೆ ಎರಡೂ ಎದುರುಬದುರು ನಡೆಯುತ್ತವೆ. ಒಂದರಲ್ಲಿ ಬರೆದದ್ದನ್ನು ಇನ್ನೊಂದಕ್ಕೆ ಹಾಗೇ ತಂದರೆ ಏನಾಗುತ್ತದೆ ಎಂದು ಊಹಿಸಬಹುದು.

ಬೇರೆ ಕಡೆ ಹೇಗೆ? ಲಿಬ್‌ಕರ್ಲ್‌ಗೆ ಕ್ಯಾಶ್ ಇಲ್ಲ. ಪೈಥಾನ್‌ನ ರಿಕ್ವೆಸ್ಟ್ಸ್ ಲೈಬ್ರರಿಗೂ ಇಲ್ಲ, ಬೇಕಿದ್ದರೆ ಬೇರೆ ಪ್ಯಾಕೇಜ್ ಸೇರಿಸಬೇಕು. ಈಗಿನ ಡಾಟ್‌ನೆಟ್‌ನ ಎಚ್‌ಟಿಟಿಪಿಕ್ಲೈಂಟ್ ಕೂಡ ತಾನಾಗಿ ಏನನ್ನೂ ಎತ್ತಿಡುವುದಿಲ್ಲ. ಕ್ಯೂಟಿಯಲ್ಲಿ ನಾವಾಗಿಯೇ ಜೋಡಿಸಿದರೆ ಮಾತ್ರ ಕ್ಯಾಶ್ ಇರುತ್ತದೆ. ಜೋಡಿಸಿದಾಗ ಅದರ ಡಿಸ್ಕ್ ಕ್ಯಾಶ್‌ನ ಮಿತಿ, ಬದಲಿಸದಿದ್ದರೆ, 50 ಎಂಬಿ. ಆಪಲ್‌ನ ಯುಆರ್‌ಎಲ್‌ಸೆಷನ್ ಮಾತ್ರ ಕ್ಯಾಶ್ ಜೊತೆಗೇ ಬರುತ್ತದೆ. ಅದರಲ್ಲೊಂದು ವಿಶೇಷವಿದೆ. ಉತ್ತರದ ಗಾತ್ರ ಡಿಸ್ಕ್ ಕ್ಯಾಶ್‌ನ ಗಾತ್ರದ ಸುಮಾರು 5 ಪರ್ಸೆಂಟ್ ಮೀರಿದರೆ ಅದನ್ನು ಉಳಿಸುವುದಿಲ್ಲ. ಅಂದರೆ ಸಣ್ಣ ಫೈಲ್ ಇಟ್ಟು ಪರೀಕ್ಷೆ ಮಾಡಿದಾಗ ಕಾಣುವ ತೊಂದರೆ ದೊಡ್ಡ ಫೈಲ್ ಇಟ್ಟಾಗ ಕಾಣದೇ ಹೋಗಬಹುದು. ಎಲೆಕ್ಟ್ರಾನ್‌ನಲ್ಲಿ ಬರೆದರೆ ಒಳಗೆ ಕ್ರೋಮಿಯಂ ಇದೆ. ಹಾಗಾಗಿ ಒಂದು ಬ್ರೌಸರ್‌ನ ಪೂರ್ತಿ ಕ್ಯಾಶ್ ನಿಮ್ಮ ಜೊತೆ ಇದೆ.

ತಾಜಾ ಎಂದು ಹೇಳಿದವರು ಯಾರು?

ಕ್ಯಾಶ್‌ನಲ್ಲಿ ಪ್ರತಿ ಇದ್ದ ಮಾತ್ರಕ್ಕೆ ಅದನ್ನು ಕೊಟ್ಟುಬಿಡುವುದಿಲ್ಲ. ಅದು ಇನ್ನೂ ತಾಜಾ ಇದೆಯೋ, ಹಳಸಿದೆಯೋ ಎಂದು ಮೊದಲು ನೋಡುತ್ತದೆ. ನಿಯಮಗಳು ಈಗ ಆರ್‌ಎಫ್‌ಸಿ 9111 ಎಂಬ ದಾಖಲೆಯಲ್ಲಿವೆ, ಅದು 2022ರದ್ದು. ಮೂಲ ವಿಚಾರ ಮಾತ್ರ 1990ರ ದಶಕದಿಂದ ಹೆಚ್ಚು ಬದಲಾಗಿಲ್ಲ.

ಸರ್ವರ್ ಉತ್ತರದ ಜೊತೆ ಕ್ಯಾಶ್-ಕಂಟ್ರೋಲ್ ಎಂಬ ಹೆಡರ್ ಕಳಿಸಬಹುದು. ಹೆಡರ್ ಎಂದರೆ ರಿಕ್ವೆಸ್ಟ್ ಅಥವಾ ಉತ್ತರದ ಜೊತೆ ಹೋಗುವ ಸಣ್ಣ ಟಿಪ್ಪಣಿ. ಅದರಲ್ಲಿ ಮ್ಯಾಕ್ಸ್-ಏಜ್ 3600 ಎಂದಿದ್ದರೆ 3600 ಸೆಕೆಂಡ್, ಅಂದರೆ ಒಂದು ಗಂಟೆ, ಆ ಪ್ರತಿ ತಾಜಾ. ಆ ಒಂದು ಗಂಟೆಯೊಳಗೆ ಎಷ್ಟು ಸಲ ಕೇಳಿದರೂ ಕ್ಯಾಶ್ ಯಾರನ್ನೂ ವಿಚಾರಿಸದೆ ಕೊಡಬಹುದು. ಸರ್ವರ್‌ನಲ್ಲಿ ಫೈಲ್ ಬದಲಾಗಿದ್ದರೂ ಕ್ಯಾಶ್‌ಗೆ ಅದು ಗೊತ್ತಾಗುವ ದಾರಿಯಿಲ್ಲ. ಇದು ತಪ್ಪಲ್ಲ, ಸರ್ವರ್ ಕೊಟ್ಟ ಮಾತನ್ನು ಅದು ಪಾಲಿಸುತ್ತಿದೆ ಅಷ್ಟೇ.

ಕಷ್ಟ ಬರುವುದು ಸರ್ವರ್ ಏನನ್ನೂ ಹೇಳದಿದ್ದಾಗ. ಹೇಳದಿದ್ದರೆ ಕ್ಯಾಶ್ ಮಾಡುವುದಿಲ್ಲ ಎಂದು ಬಹಳ ಜನ ಅಂದುಕೊಂಡಿರುತ್ತಾರೆ. ನಾನೂ ಹಾಗೇ ನಂಬಿದ್ದೆ. ನಿಯಮ ಹಾಗಿಲ್ಲ. ಅವಧಿ ಹೇಳದ ಉತ್ತರಕ್ಕೆ ಕ್ಯಾಶ್ ತಾನೇ ಒಂದು ಅವಧಿ ಅಂದಾಜು ಮಾಡಬಹುದು. ಸಾಮಾನ್ಯವಾಗಿ ಹಾಕುವ ಲೆಕ್ಕ ಹೀಗಿದೆ: ಫೈಲ್ ಕೊನೆಯದಾಗಿ ಬದಲಾಗಿ ಎಷ್ಟು ಕಾಲ ಆಯಿತೋ ಅದರ 10 ಪರ್ಸೆಂಟ್. ಫೈಲ್ ಬದಲಾಗಿ 200 ದಿನ ಆಗಿದ್ದರೆ ಇನ್ನೂ 20 ದಿನ ಅದು ತಾಜಾ ಎಂದು ಕ್ಯಾಶ್ ನಂಬುತ್ತದೆ.

ಈ ಲೆಕ್ಕವನ್ನು ಸ್ವಲ್ಪ ನಿಂತು ನೋಡಿ. ದಿನಾ ಬದಲಾಗುವ ಫೈಲ್‌ಗೆ ಇದರಿಂದ ತೊಂದರೆ ಕಡಿಮೆ, ಒಂದೆರಡು ಗಂಟೆಯಲ್ಲಿ ಅವಧಿ ಮುಗಿಯುತ್ತದೆ. ಆರು ತಿಂಗಳು ಸುಮ್ಮನಿದ್ದು ಇವತ್ತು ಬದಲಾದ ಫೈಲ್ ಇದೆಯಲ್ಲ, ಅದೇ ಅತಿ ಹೆಚ್ಚು ಕಾಡುತ್ತದೆ. ನಿನ್ನೆ ಅದನ್ನು ಇಳಿಸಿಕೊಂಡ ಕಂಪ್ಯೂಟರ್‌ಗೆ ಎರಡು ಮೂರು ವಾರ ಹೊಸದು ಕಾಣದೇ ಇರಬಹುದು. ಅಪ್‌ಡೇಟ್ ಮಾಹಿತಿ ಇರುವ ಫೈಲ್‌ಗಳು ಸಾಮಾನ್ಯವಾಗಿ ಇದೇ ಜಾತಿಯವು. ಅಪರೂಪಕ್ಕೆ ಬದಲಾಗುತ್ತವೆ, ಬದಲಾದಾಗ ಮಾತ್ರ ತಕ್ಷಣ ತಲುಪಬೇಕು. ನನ್ನ ಫೈಲ್ ಕೂಡ ಅಂಥದ್ದೇ. ಸರ್ವರ್‌ನಿಂದ ಕ್ಯಾಶ್-ಕಂಟ್ರೋಲ್ ಹೆಡರ್ ಬರುತ್ತಲೇ ಇರಲಿಲ್ಲ.

ಇಲ್ಲೇ ಇನ್ನೊಂದು ಹಳೆಯ ಗೊಂದಲವನ್ನೂ ಬಿಡಿಸಿಬಿಡೋಣ. ನೋ-ಕ್ಯಾಶ್ ಎಂಬ ಪದಕ್ಕೆ ಉಳಿಸಬೇಡ ಎಂಬ ಅರ್ಥವಿಲ್ಲ. ಉಳಿಸಿಕೋ, ಆದರೆ ಪ್ರತಿ ಸಲ ನನ್ನನ್ನು ಕೇಳಿ ಕೊಡು ಎಂದು ಅರ್ಥ. ಉಳಿಸಲೇಬೇಡ ಎನ್ನಲು ಇರುವ ಪದ ನೋ-ಸ್ಟೋರ್. ಹೆಸರಿಟ್ಟವರು ಸ್ವಲ್ಪ ಬೇರೆ ಪದ ಆರಿಸಿದ್ದರೆ ಎಷ್ಟೋ ಜನರ ಸಮಯ ಉಳಿಯುತ್ತಿತ್ತು ಅನಿಸುತ್ತದೆ.

ಓದುವುದು, ಕೇಳುವುದು, ಬರೆಯುವುದು

ಕ್ಯಾಶ್ ಆಫ್ ಮಾಡುವುದು ಹೇಗೆ ಎಂದು ಹುಡುಕಿದರೆ ಹತ್ತು ತರಹದ ಉತ್ತರ ಸಿಗುತ್ತದೆ, ಒಂದಕ್ಕೊಂದು ಹೊಂದುವುದಿಲ್ಲ. ಕಾರಣ, ಅದು ಒಂದು ಸ್ವಿಚ್ ಅಲ್ಲ. ಅದರೊಳಗೆ ಮೂರು ಪ್ರಶ್ನೆಗಳಿವೆ. ಇರುವ ಪ್ರತಿಯನ್ನು ಓದಬಹುದೇ? ಕೊಡುವ ಮೊದಲು ಸರ್ವರ್‌ನ ಹತ್ತಿರ ಕೇಳಬೇಕೇ? ಬಂದದ್ದನ್ನು ಕ್ಯಾಶ್‌ನಲ್ಲಿ ಬರೆದಿಡಬಹುದೇ? ಈ ಮೂರಕ್ಕೆ ನಿಮ್ಮ ಉತ್ತರ ಗೊತ್ತಿದ್ದರೆ ಯಾವ ಲೈಬ್ರರಿಯಲ್ಲಾದರೂ ಸರಿಯಾದ ಫ್ಲ್ಯಾಗ್, ಅಂದರೆ ಲೈಬ್ರರಿಗೆ ಕೊಡುವ ಸೂಚನೆ, ಹುಡುಕಿಕೊಳ್ಳಬಹುದು.

ವಿನ್‌ಇನೆಟ್‌ನಲ್ಲೇ ನೋಡಿ. ಇಂಟರ್ನೆಟ್ ಫ್ಲ್ಯಾಗ್ ರಿಲೋಡ್ ಎಂಬುದು ಓದಬೇಡ ಎನ್ನುತ್ತದೆ. ಹಳೆಯದು ಇದ್ದರೂ ಮೂಲ ಸರ್ವರ್‌ನಿಂದಲೇ ತರುತ್ತದೆ, ಆದರೆ ತಂದದ್ದನ್ನು ಮತ್ತೆ ಕ್ಯಾಶ್‌ಗೆ ಹಾಕಬಹುದು. ರೀಸಿಂಕ್ರನೈಜ್ ಎಂಬುದು ಕೇಳಿ ಕೊಡು ಎನ್ನುತ್ತದೆ. ಹಿಂದಿನ ಸಲ ತಂದ ಮೇಲೆ ಬದಲಾಗಿದ್ದರೆ ಮಾತ್ರ ಮತ್ತೆ ತರುತ್ತದೆ. ನೋ ಕ್ಯಾಶ್ ರೈಟ್ ಎಂಬುದು ಬರೆದಿಡಬೇಡ ಎನ್ನುತ್ತದೆ. ಪ್ರಾಗ್ಮಾ ನೋಕ್ಯಾಶ್ ಎಂಬ ನಾಲ್ಕನೆಯದು ದಾರಿಯಲ್ಲಿರುವ ಪ್ರಾಕ್ಸಿಗೆ ಹೇಳುವ ಮಾತು. ನಿನ್ನ ಬಳಿ ಪ್ರತಿ ಇದ್ದರೂ ಮೂಲ ಸರ್ವರ್‌ಗೇ ಹೋಗು ಎಂದು. ನೋ ಕ್ಯಾಶ್ ರೈಟ್ ಒಂದನ್ನೇ ಹಾಕಿ ಹಳೆಯ ಫೈಲ್ ಬರುವುದು ನಿಲ್ಲಲಿಲ್ಲ ಎಂದು ತಲೆ ಕೆರೆದುಕೊಳ್ಳುವವರಿದ್ದಾರೆ. ಅದು ಬರೆಯುವುದನ್ನು ತಡೆಯುತ್ತದೆ. ಈಗಾಗಲೇ ಬರೆದಿಟ್ಟದ್ದನ್ನು ಓದುವುದನ್ನು ತಡೆಯುವುದಿಲ್ಲ, ಅಲ್ವಾ?

ಬ್ರೌಸರ್ ಲೋಕದಲ್ಲಿ ಫೈಲ್ ತರಲು ಬಳಸುವ ಫೆಚ್ ಎಂಬ ಫಂಕ್ಷನ್‌ನಲ್ಲಿ ಇದೇ ಮೂರು ಪ್ರಶ್ನೆಗಳಿಗೆ ಇನ್ನೂ ಸ್ಪಷ್ಟವಾದ ಹೆಸರುಗಳಿವೆ. ನೋ-ಸ್ಟೋರ್ ಎಂದರೆ ಓದುವುದೂ ಇಲ್ಲ, ಬರೆಯುವುದೂ ಇಲ್ಲ. ರಿಲೋಡ್ ಎಂದರೆ ಓದುವುದಿಲ್ಲ, ಬಂದದ್ದನ್ನು ಬರೆದಿಡುತ್ತದೆ. ನೋ-ಕ್ಯಾಶ್ ಎಂದರೆ ಪ್ರತಿ ಸಲ ಕೇಳಿ ಕೊಡುತ್ತದೆ. ಎಲೆಕ್ಟ್ರಾನ್‌ನಲ್ಲಿ ಬರೆಯುವವರಿಗೆ ಇವು ನೇರವಾಗಿ ಕೆಲಸಕ್ಕೆ ಬರುತ್ತವೆ. ಆಪಲ್‌ನಲ್ಲಿ ರಿಲೋಡ್ ಇಗ್ನೋರಿಂಗ್ ಲೋಕಲ್ ಕ್ಯಾಶ್ ಡೇಟಾ ಎಂಬ ಪಾಲಿಸಿ ಇದೆ. ಕ್ಯೂಟಿಯಲ್ಲಿ ಪ್ರತಿ ರಿಕ್ವೆಸ್ಟ್‌ಗೂ ಆಲ್ವೇಸ್ ನೆಟ್‌ವರ್ಕ್ ಎಂದು ಹೇಳಬಹುದು.

ಇಷ್ಟೆಲ್ಲ ಮಾಡಿದರೂ ನಿಮ್ಮ ಕೈಯಲ್ಲಿರುವುದು ನಿಮ್ಮ ಕಂಪ್ಯೂಟರ್‌ನ ಕ್ಯಾಶ್ ಮಾತ್ರ. ದಾರಿಯಲ್ಲಿ ಸಿಡಿಎನ್ (ಫೈಲ್‌ಗಳ ಪ್ರತಿಗಳನ್ನು ಬಳಕೆದಾರರ ಹತ್ತಿರದಿಂದ ಹಂಚುವ ಸರ್ವರ್‌ಗಳ ಜಾಲ) ಇದ್ದರೆ ಅದಕ್ಕೂ ತನ್ನದೇ ಕ್ಯಾಶ್ ಇದೆ. ರಿಕ್ವೆಸ್ಟ್‌ನಲ್ಲಿ ನೀವು ನೋ-ಕ್ಯಾಶ್ ಎಂದು ಕಳಿಸಿದರೂ ಬಹಳಷ್ಟು ಸಿಡಿಎನ್‌ಗಳು ಅದಕ್ಕೆ ಕಿವಿಗೊಡುವುದಿಲ್ಲ. ಯಾರೋ ಒಬ್ಬರು ಹಾಗೆ ಕೇಳುತ್ತಾ ಕೂತರೆ ಮೂಲ ಸರ್ವರ್‌ಗೆ ಹೊರೆಯಾಗುತ್ತದೆ ಎಂಬ ಕಾರಣಕ್ಕೆ. ಉತ್ತರದಲ್ಲಿ ಏಜ್ ಎಂಬ ಹೆಡರ್ ಇದ್ದು ಅದರಲ್ಲಿ 340 ಎಂದಿದ್ದರೆ, ಆ ಪ್ರತಿ ಯಾವುದೋ ನಡುವಿನ ಕ್ಯಾಶ್‌ನಲ್ಲಿ 340 ಸೆಕೆಂಡ್ ಕೂತಿತ್ತು ಎಂದು ಅರ್ಥ. ಅದನ್ನು ಕ್ಲೈಂಟ್ ಕೋಡ್‌ನಲ್ಲಿ ಸರಿಮಾಡಲು ಹೋಗಬೇಡಿ. ಸರ್ವರ್ ಕಡೆಯ ಹೆಡರ್ ಸರಿಮಾಡಿ.

ವಿಳಾಸಕ್ಕೆ ಬಾಲ ಕಟ್ಟುವುದು

ಎಲ್ಲರಿಗೂ ಗೊತ್ತಿರುವ ಒಂದು ಉಪಾಯ ಇದೆ. ವಿಳಾಸದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಈ ಕ್ಷಣದ ಸಮಯ ಸೇರಿಸುವುದು. ಪ್ರತಿ ಸಲ ವಿಳಾಸ ಬೇರೆಯಾಗುತ್ತದೆ, ಕ್ಯಾಶ್‌ಗೆ ಅದು ಹೊಸ ಫೈಲ್. ಕೆಲಸ ಆಗುತ್ತದೆ, ನಿಜ. ತಕ್ಷಣಕ್ಕೆ ಒಂದು ತೊಂದರೆ ಪತ್ತೆ ಮಾಡಲು ನಾನೂ ಬಳಸುತ್ತೇನೆ. ಆದರೆ ಬಳಕೆದಾರರ ಕೈಗೆ ಕೊಡುವ ಪ್ರೋಗ್ರಾಂನಲ್ಲಿ ಇದನ್ನು ಉಳಿಸಬೇಡಿ ಎಂದು ಗಟ್ಟಿಯಾಗಿ ಹೇಳುತ್ತೇನೆ.

ಒಂದು, ಪ್ರತಿ ಸಲವೂ ಕ್ಯಾಶ್‌ನಲ್ಲಿ ಹೊಸ ಪ್ರತಿ ಕೂರುತ್ತದೆ. 80 ಎಂಬಿ ಫೈಲ್ ಅನ್ನು ಹತ್ತು ಸಲ ಇಳಿಸಿದರೆ ಯಾರೂ ಮತ್ತೆ ಎಂದೂ ಓದದ 800 ಎಂಬಿ ಬಳಕೆದಾರರ ಡಿಸ್ಕಿನಲ್ಲಿ ಸೇರಬಹುದು. ಕ್ಯಾಶ್‌ನ ಮಿತಿ ಅದಕ್ಕಿಂತ ಚಿಕ್ಕದಾಗಿದ್ದರೆ ಉಪಯೋಗಕ್ಕೆ ಬರುವ ಬೇರೆ ಪ್ರತಿಗಳು ಹೊರಗೆ ಹೋಗುತ್ತವೆ. ಇನ್ನೊಂದು, ಫೈಲ್ ಬದಲಾಗದಿದ್ದರೂ ಪೂರ್ತಿ ಇಳಿಸಬೇಕಾಗುತ್ತದೆ. ಇಂಟರ್ನೆಟ್ ನಿಧಾನ ಇರುವವರಿಗೆ, ಡೇಟಾಗೆ ಮಿತಿ ಇರುವವರಿಗೆ ಇದು ಚಿಕ್ಕ ವಿಷಯವಲ್ಲ. ಜೊತೆಗೆ, ಸಹಿ ಮಾಡಿದ ತಾತ್ಕಾಲಿಕ ವಿಳಾಸಗಳಿಗೆ ಹೀಗೆ ಬಾಲ ಕಟ್ಟಿದರೆ ಸಹಿ ಹೊಂದದೆ ಡೌನ್‌ಲೋಡೇ ನಿಂತುಹೋಗಬಹುದು.

ಬದಲಾಗಿದೆಯೇ ಎಂದು ಕೇಳುವುದು

ಕೇಳಿ ಕೊಡುವುದು ಎಂದೆನಲ್ಲ, ಅದು ನಡೆಯುವ ರೀತಿ ನನಗೆ ತುಂಬಾ ಇಷ್ಟ. ಸರ್ವರ್ ಫೈಲ್ ಜೊತೆಗೆ ಇಟ್ಯಾಗ್ ಎಂಬ ಗುರುತು ಕಳಿಸುತ್ತದೆ. ಅದು ಆ ಫೈಲ್‌ನ ಈ ಆವೃತ್ತಿಗೆ ಸರ್ವರ್ ಕೊಟ್ಟ ಹೆಸರು. ಮುಂದಿನ ಸಲ ನಾವು ಅದೇ ಗುರುತನ್ನು ಇಫ್-ನನ್-ಮ್ಯಾಚ್ ಎಂಬ ಹೆಡರ್‌ನಲ್ಲಿ ವಾಪಸ್ ಕಳಿಸುತ್ತೇವೆ. ನನ್ನ ಹತ್ತಿರ ಇದು ಇದೆ, ನಿನ್ನ ಹತ್ತಿರ ಬೇರೆ ಇದ್ದರೆ ಕೊಡು ಎಂದು. ಬದಲಾಗಿದ್ದರೆ 200 ಎಂಬ ಉತ್ತರದ ಜೊತೆ ಹೊಸ ಫೈಲ್ ಬರುತ್ತದೆ. ಬದಲಾಗಿಲ್ಲದಿದ್ದರೆ 304 ಎಂಬ ಉತ್ತರ ಮಾತ್ರ ಬರುತ್ತದೆ, ಫೈಲ್ ಬರುವುದಿಲ್ಲ. ಒಂದು ಜಿಬಿ ಫೈಲ್ ಬದಲಾಗಿಲ್ಲ ಎಂದು ತಿಳಿಯಲು ಕೆಲವು ನೂರು ಬೈಟ್ ಸಾಕು.

ಇಟ್ಯಾಗ್ ಇಲ್ಲದಿದ್ದರೆ ಲಾಸ್ಟ್-ಮಾಡಿಫೈಡ್ ದಿನಾಂಕವನ್ನು ಇಫ್-ಮಾಡಿಫೈಡ್-ಸಿನ್ಸ್ ಹೆಡರ್‌ನಲ್ಲಿ ಕಳಿಸಬಹುದು. ಆದರೆ ಆ ದಿನಾಂಕದಲ್ಲಿ ಸೆಕೆಂಡ್‌ಗಿಂತ ಸಣ್ಣ ಲೆಕ್ಕ ಇಲ್ಲ. ಒಂದೇ ಸೆಕೆಂಡಿನಲ್ಲಿ ಎರಡು ಸಲ ಬದಲಾದ ಫೈಲ್ ಅದಕ್ಕೆ ಒಂದೇ. ಇಟ್ಯಾಗ್‌ನಲ್ಲೂ ಸರ್ವರ್ ಕಡೆಯವರು ಗಮನಿಸಬೇಕಾದ ಒಂದು ವಿಷಯವಿದೆ. ಅಪಾಚೆ ಎಂಬ ವೆಬ್ ಸರ್ವರ್‌ನ ಹಳೆಯ ಆವೃತ್ತಿಗಳು ಇಟ್ಯಾಗ್ ಮಾಡುವಾಗ ಫೈಲ್‌ನ ಐನೋಡ್ ಸಂಖ್ಯೆಯನ್ನೂ (ಆ ಡಿಸ್ಕಿನಲ್ಲಿ ಆ ಫೈಲ್‌ಗೆ ಇರುವ ಒಳಗಿನ ಸಂಖ್ಯೆ) ಸೇರಿಸುತ್ತಿದ್ದವು. ಒಂದೇ ಫೈಲ್ ಎರಡು ಸರ್ವರ್‌ನಲ್ಲಿದ್ದರೆ ಎರಡು ಬೇರೆ ಇಟ್ಯಾಗ್ ಬರುತ್ತಿತ್ತು. ರಿಕ್ವೆಸ್ಟ್ ಯಾವ ಸರ್ವರ್‌ಗೆ ಹೋಯಿತು ಎಂಬುದರ ಮೇಲೆ 304 ಸಿಗುವುದು ಬಿಡುವುದು ನಿಂತಿತ್ತು. 2.4 ಆವೃತ್ತಿಯಲ್ಲಿ ಐನೋಡ್ ಬಿಟ್ಟು ಬದಲಾದ ಸಮಯ ಮತ್ತು ಗಾತ್ರ ಮಾತ್ರ ಉಳಿಸಿಕೊಂಡರು.

ಲೈಬ್ರರಿಯಲ್ಲಿ ಕ್ಯಾಶ್ ಇಲ್ಲದಿದ್ದರೆ ಇದನ್ನು ನಾವೇ ಮಾಡಿಕೊಳ್ಳಬಹುದು. ಡೌನ್‌ಲೋಡ್ ಪ್ರೋಗ್ರಾಂಗಳಿಗೆ ಇದೇ ಚೆನ್ನ ಎಂದು ನನ್ನ ಅಭಿಪ್ರಾಯ. ಇಳಿಸಿದ ಫೈಲ್ ಹೇಗೂ ನಮ್ಮ ಡಿಸ್ಕಿನಲ್ಲಿದೆ. ಅದೇ ಕ್ಯಾಶ್. ಅದರ ಪಕ್ಕದಲ್ಲಿ ಇಟ್ಯಾಗ್ ಬರೆದಿಟ್ಟುಕೊಂಡರೆ ಎಲ್ಲ ನಮ್ಮ ಹಿಡಿತದಲ್ಲಿರುತ್ತದೆ. ಕರ್ಲ್ ಕಮಾಂಡ್‌ಗೆ ಇದಕ್ಕಾಗಿಯೇ ಇಟ್ಯಾಗ್ ಉಳಿಸುವ ಮತ್ತು ಹೋಲಿಸುವ ಎರಡು ಆಪ್ಷನ್‌ಗಳು 2020ರಲ್ಲಿ 7.68 ಆವೃತ್ತಿಯ ಜೊತೆ ಬಂದವು.

ಇಲ್ಲಿ ಒಂದು ಕಡೆ ತುಂಬಾ ಎಚ್ಚರ ಬೇಕು. ಯಾವುದನ್ನು ಮೊದಲು ಬರೆಯುತ್ತೀರಿ, ಫೈಲೋ, ಇಟ್ಯಾಗೋ? ಹೆಡರ್ ಮೊದಲು ಬರುತ್ತದೆ, ಹಾಗಾಗಿ ಇಟ್ಯಾಗ್ ಅನ್ನು ಮೊದಲೇ ಉಳಿಸಿಬಿಡುವುದು ಸುಲಭ ಅನಿಸುತ್ತದೆ. ಹಾಗೆ ಮಾಡಿದಿರಿ ಎಂದುಕೊಳ್ಳಿ. ಅರ್ಧ ಇಳಿಸುವಾಗ ಕರೆಂಟ್ ಹೋಯಿತು. ಈಗ ಡಿಸ್ಕಿನಲ್ಲಿ ಹೊಸ ಇಟ್ಯಾಗ್ ಇದೆ, ಆದರೆ ಫೈಲ್ ಹಳೆಯದು ಅಥವಾ ಅರ್ಧಂಬರ್ಧ. ಮುಂದಿನ ಸಲ ಪ್ರೋಗ್ರಾಂ ಆ ಇಟ್ಯಾಗ್ ಕಳಿಸುತ್ತದೆ. ಸರ್ವರ್ ಬದಲಾಗಿಲ್ಲ ಎಂದು 304 ಕೊಡುತ್ತದೆ. ಪ್ರೋಗ್ರಾಂ ಹಾಳಾದ ಫೈಲ್ ಅನ್ನೇ ಸರಿ ಎಂದು ಇಟ್ಟುಕೊಳ್ಳುತ್ತದೆ. ಸರ್ವರ್‌ನಲ್ಲಿ ಮತ್ತೊಮ್ಮೆ ಬದಲಾಗುವವರೆಗೆ ಇದು ಹೀಗೇ ನಡೆಯುತ್ತದೆ. ಬಳಕೆದಾರರು ಎಷ್ಟು ಸಲ ಪ್ರೋಗ್ರಾಂ ಮುಚ್ಚಿ ತೆರೆದರೂ ಪ್ರಯೋಜನವಿಲ್ಲ.

ಸರಿಯಾದ ಕ್ರಮ ಹೀಗಿದೆ. ಮೊದಲು ತಾತ್ಕಾಲಿಕ ಹೆಸರಿನಲ್ಲಿ ಅದೇ ಫೋಲ್ಡರ್‌ಗೆ ಇಳಿಸಿ. ಪೂರ್ತಿ ಬಂತೇ ಎಂದು ನೋಡಿ. ಹ್ಯಾಶ್ (ಫೈಲ್‌ನೊಳಗಿನ ಮಾಹಿತಿಯಿಂದ ಲೆಕ್ಕ ಹಾಕಿ ತೆಗೆದ ಗುರುತು) ಗೊತ್ತಿದ್ದರೆ ಹೋಲಿಸಿ. ಹಳೆಯ ಇಟ್ಯಾಗ್ ಅಳಿಸಿ. ಆಮೇಲೆ ನಿಜವಾದ ಹೆಸರಿಗೆ ಬದಲಿಸಿ. ಎಲ್ಲ ಆದ ಮೇಲೆ ಕೊನೆಗೆ ಹೊಸ ಇಟ್ಯಾಗ್ ಬರೆಯಿರಿ. ನಡುವೆ ಎಲ್ಲಿ ನಿಂತರೂ ನಷ್ಟ ಇಷ್ಟೇ, ಮುಂದಿನ ಸಲ ಒಮ್ಮೆ ಜಾಸ್ತಿ ಇಳಿಸಬೇಕಾಗುತ್ತದೆ. ಇಟ್ಯಾಗ್ ಕಳಿಸುವ ಮೊದಲು ಫೈಲ್ ಇನ್ನೂ ಅಲ್ಲಿದೆಯೇ ಎಂದೂ ನೋಡಿ. ಬಳಕೆದಾರರು ಅದನ್ನು ಅಳಿಸಿದ್ದರೆ 304 ಬಂದು ಕೈಯಲ್ಲಿ ಏನೂ ಇರುವುದಿಲ್ಲ.

ಇನ್ನೊಂದು ಮಾತು. ಲೈಬ್ರರಿಯ ಕ್ಯಾಶ್ ಕೂಡ ಇದೆ, ನೀವೂ ಇಫ್-ನನ್-ಮ್ಯಾಚ್ ಕಳಿಸುತ್ತೀರಿ ಎಂದರೆ ಇಬ್ಬರು ಒಂದೇ ಕೆಲಸಕ್ಕೆ ಕೈಹಾಕಿದಂತೆ. 304 ಬಂದಾಗ ಅದು ಯಾರ ಪ್ರತಿಯ ಬಗ್ಗೆ ಎಂಬುದೇ ಗೊಂದಲ. ನೀವೇ ನೋಡಿಕೊಳ್ಳುವುದಾದರೆ ಲೈಬ್ರರಿಯ ಕ್ಯಾಶ್ ಅನ್ನು ಓದಲೂ ಬರೆಯಲೂ ಬಿಡದೆ ಪೂರ್ತಿ ಪಕ್ಕಕ್ಕಿಡಿ.

ಅರ್ಧಕ್ಕೆ ನಿಂತ ಡೌನ್‌ಲೋಡ್

ದೊಡ್ಡ ಫೈಲ್ ಅರ್ಧಕ್ಕೆ ನಿಂತರೆ ಉಳಿದದ್ದನ್ನು ಮಾತ್ರ ಕೇಳಬಹುದು. ರೇಂಜ್ ಹೆಡರ್‌ನಲ್ಲಿ ಎಷ್ಟನೆಯ ಬೈಟ್‌ನಿಂದ ಬೇಕು ಎಂದು ಹೇಳಿದರೆ ಸಾಕು. ಆದರೆ ನಡುವೆ ಸರ್ವರ್‌ನಲ್ಲಿ ಫೈಲ್ ಬದಲಾಗಿದ್ದರೆ? ಮೊದಲ ಅರ್ಧ ಹಳೆಯದು, ಉಳಿದರ್ಧ ಹೊಸದು. ಇಂಥ ಫೈಲ್ ನೋಡಲು ಪೂರ್ತಿ ಇದ್ದಂತೆ ಇರುತ್ತದೆ, ತೆರೆದರೆ ಹಾಳು.

ಇದಕ್ಕೆ ಇಫ್-ರೇಂಜ್ ಹೆಡರ್ ಇದೆ. ಮೊದಲ ಅರ್ಧದ ಜೊತೆ ಬಂದಿದ್ದ ಇಟ್ಯಾಗ್ ಅನ್ನು ಅದರಲ್ಲಿ ಕಳಿಸಿ. ಫೈಲ್ ಅದೇ ಆಗಿದ್ದರೆ 206 ಉತ್ತರ ಮತ್ತು ಉಳಿದ ಭಾಗ ಬರುತ್ತದೆ. ಬದಲಾಗಿದ್ದರೆ 200 ಉತ್ತರದ ಜೊತೆ ಪೂರ್ತಿ ಫೈಲ್ ಬರುತ್ತದೆ. ಆಗ ನಿಮ್ಮ ಕೋಡ್ ಅರ್ಧ ಫೈಲ್‌ನ ಕೊನೆಗೆ ಅದನ್ನು ಅಂಟಿಸಬಾರದು, ಮೊದಲಿನಿಂದ ಬರೆಯಬೇಕು. ಉತ್ತರದ ಸಂಖ್ಯೆ ನೋಡದೆ ಅಂಟಿಸುವ ಕೋಡ್ ನಾನು ಬಹಳ ನೋಡಿದ್ದೇನೆ. ಇಟ್ಯಾಗ್‌ನ ಮುಂದೆ ಡಬ್ಲ್ಯೂ ಮತ್ತು ಓರೆ ಗೆರೆ ಇದ್ದರೆ ಅದು ದುರ್ಬಲ ಗುರುತು. ಹೆಚ್ಚುಕಡಿಮೆ ಒಂದೇ ಎಂದು ಮಾತ್ರ ಅದು ಹೇಳುತ್ತದೆ, ಬೈಟ್‌ಗೆ ಬೈಟ್ ಒಂದೇ ಎಂದಲ್ಲ. ಇಫ್-ರೇಂಜ್‌ಗೆ ಅದನ್ನು ಬಳಸುವಂತಿಲ್ಲ.

ಅಪ್‌ಡೇಟ್‌ಗೆ ನಾನೀಗ ಮಾಡುವುದು

ನನ್ನ ಪ್ರೋಗ್ರಾಂನಲ್ಲಿ ಎರಡು ಫೈಲ್ ಇದ್ದವು. ಯಾವ ಆವೃತ್ತಿ ಹೊಸದು, ಅದರ ಹ್ಯಾಶ್ ಏನು ಎಂದು ಹೇಳುವ ಸಣ್ಣ ಫೈಲ್ ಒಂದು. ಇನ್‌ಸ್ಟಾಲರ್ ಇನ್ನೊಂದು, ಅದರ ಹೆಸರು ಯಾವಾಗಲೂ ಒಂದೇ. ಹೊಸದು ಬಂದಾಗ ಹಳೆಯದರ ಮೇಲೇ ಬರೆಯುತ್ತಿದ್ದೆ.

ಮೊದಲ ತೊಂದರೆ ತಿಳಿದ ಮೇಲೆ ಸಣ್ಣ ಫೈಲ್‌ಗೆ ಮಾತ್ರ ಕ್ಯಾಶ್ ತಪ್ಪಿಸಿದೆ. ಆಗ ಇನ್ನೊಂದು ತೊಂದರೆ ಎದ್ದಿತು. ಸಣ್ಣ ಫೈಲ್ ಹೊಸದು ಬಂತು, ಅದರಲ್ಲಿ ಹೊಸ ಹ್ಯಾಶ್. ಇನ್‌ಸ್ಟಾಲರ್ ಕ್ಯಾಶ್‌ನಿಂದ ಹಳೆಯದೇ ಬಂತು. ಹ್ಯಾಶ್ ಹೊಂದಲಿಲ್ಲ. ಹೊಂದದಿದ್ದರೆ ಮತ್ತೆ ಇಳಿಸು ಎಂದು ಬರೆದಿದ್ದೆ. ಮತ್ತೆ ಇಳಿಸಿದಾಗಲೂ ಕ್ಯಾಶ್‌ನಿಂದ ಅದೇ ಹಳೆಯದು. ಮೂರು ಸಲ ಸೋತು ಪ್ರೋಗ್ರಾಂ ನಿಲ್ಲುತ್ತಿತ್ತು. ಮತ್ತೆ ಪ್ರಯತ್ನಿಸುವ ಕೋಡ್ ಎಲ್ಲೇ ಇದ್ದರೂ, ಎರಡನೆಯ ಪ್ರಯತ್ನ ಕ್ಯಾಶ್ ಅನ್ನು ಓದಲೇಬಾರದು. ಇದನ್ನು ಆಗಲೇ ಕಲಿತೆ.

ಈಗ ಇನ್‌ಸ್ಟಾಲರ್ ಹೆಸರಿನಲ್ಲೇ ಆವೃತ್ತಿಯ ಸಂಖ್ಯೆ ಇರುತ್ತದೆ. ಒಮ್ಮೆ ಸರ್ವರ್‌ಗೆ ಹಾಕಿದ ಮೇಲೆ ಆ ಹೆಸರಿನ ಫೈಲ್ ಎಂದಿಗೂ ಬದಲಾಗುವುದಿಲ್ಲ. ತಪ್ಪಿದ್ದರೆ ಹೊಸ ಸಂಖ್ಯೆ, ಹೊಸ ಹೆಸರು. ಹಾಗಾಗಿ ಅದಕ್ಕೆ ಒಂದು ವರ್ಷದ ಮ್ಯಾಕ್ಸ್-ಏಜ್, ಅಂದರೆ 31536000 ಸೆಕೆಂಡ್, ಜೊತೆಗೆ ಇಮ್ಯೂಟಬಲ್ ಎಂಬ ಪದ. ಆ ಪದ 2017ರಲ್ಲಿ ಬಂದದ್ದು, ಈ ಫೈಲ್ ಬದಲಾಗದು, ಕೇಳಲೂ ಬೇಡ ಎಂದು ಕ್ಯಾಶ್‌ಗೆ ಹೇಳುತ್ತದೆ. ಸಿಡಿಎನ್ ಅದನ್ನು ಎಷ್ಟು ಕಾಲ ಬೇಕಾದರೂ ಇಟ್ಟುಕೊಳ್ಳಲಿ. ಸಣ್ಣ ಫೈಲ್‌ಗೆ ಮಾತ್ರ ನೋ-ಕ್ಯಾಶ್ ಮತ್ತು ಇಟ್ಯಾಗ್. ಪ್ರತಿ ಸಲ ಕೇಳುತ್ತದೆ, ಹೆಚ್ಚಿನ ಸಲ 304 ಬರುತ್ತದೆ. ಸಣ್ಣ ಫೈಲ್ ಯಾವುದೋ ಕಾರಣಕ್ಕೆ ಹಳೆಯದು ಬಂದರೂ ಅದು ತೋರಿಸುವ ಇನ್‌ಸ್ಟಾಲರ್ ಅದಕ್ಕೆ ಹೊಂದುವುದೇ ಆಗಿರುತ್ತದೆ. ಬಳಕೆದಾರರಿಗೆ ಸ್ವಲ್ಪ ತಡವಾಗಿ ಅಪ್‌ಡೇಟ್ ಸಿಗಬಹುದು, ಆದರೆ ಮುರಿದದ್ದು ಸಿಗುವುದಿಲ್ಲ.

ಗುಟ್ಟಾಗಿರಬೇಕಾದ ಫೈಲ್‌ಗಳ ಲೆಕ್ಕ ಬೇರೆ. ವೈದ್ಯಕೀಯ ವರದಿ, ಹಣಕಾಸಿನ ಪಟ್ಟಿ, ಇಂಥದ್ದನ್ನು ಬಳಕೆದಾರರು ಇಳಿಸಿ, ನೋಡಿ, ಅಳಿಸುತ್ತಾರೆ. ಅಳಿಸಿದೆವು ಎಂದು ನಂಬುತ್ತಾರೆ. ಕ್ಯಾಶ್ ಫೋಲ್ಡರ್‌ನಲ್ಲಿ ಇನ್ನೊಂದು ಪ್ರತಿ ಹಾಗೇ ಇರಬಹುದು. ಇಲ್ಲಿ ಸರ್ವರ್ ನೋ-ಸ್ಟೋರ್ ಕಳಿಸಬೇಕು. ಪ್ರೋಗ್ರಾಂ ಕೂಡ ತನ್ನ ಕಡೆಯಿಂದ ಬರೆಯಬೇಡ ಎಂಬ ಫ್ಲ್ಯಾಗ್ ಹಾಕಬೇಕು. ಇನ್ನೊಬ್ಬರು ಹೇಳಿರುತ್ತಾರೆ ಎಂದು ಸುಮ್ಮನಿರುವ ಜಾಗ ಇದಲ್ಲ.

ಸರಿಯಾಗಿದೆಯೇ ಎಂದು ನೋಡುವುದು

ಫ್ಲ್ಯಾಗ್ ಹಾಕಿದ ಮೇಲೆ ಪರೀಕ್ಷೆ ಮಾಡಿ. ಸುಲಭದ ಪರೀಕ್ಷೆ ಒಂದಿದೆ. ಒಮ್ಮೆ ಡೌನ್‌ಲೋಡ್ ಮಾಡಿ, ನೆಟ್‌ವರ್ಕ್ ತೆಗೆಯಿರಿ, ಮತ್ತೆ ಡೌನ್‌ಲೋಡ್ ಮಾಡಿ. ನೆಟ್‌ವರ್ಕ್ ಇಲ್ಲದೆಯೂ ಯಶಸ್ವಿ ಎಂದರೆ ಅದು ಕ್ಯಾಶ್‌ನಿಂದ ಬಂದದ್ದು. ಸರ್ವರ್ ಲಾಗ್ ನೋಡುವ ಅವಕಾಶ ಇದ್ದರೆ ಇನ್ನೂ ಚೆನ್ನ. ಎರಡನೆಯ ಸಲ ಲಾಗ್‌ನಲ್ಲಿ ಸಾಲೇ ಇಲ್ಲದಿದ್ದರೆ ಕೇಳದೆ ಕ್ಯಾಶ್‌ನಿಂದ ಓದಿದೆ, ಅಥವಾ ನಡುವಿನ ಸಿಡಿಎನ್ ಉತ್ತರ ಕೊಟ್ಟಿದೆ. 304 ಇದ್ದರೆ ಕೇಳಿದೆ. 200 ಇದ್ದರೆ ಪೂರ್ತಿ ಇಳಿಸಿದೆ. ಈ ಮೂರರಲ್ಲಿ ನಿಮಗೆ ಬೇಕಾದದ್ದು ಯಾವುದು ಎಂದು ಮೊದಲೇ ಬರೆದಿಟ್ಟುಕೊಂಡು ಆಮೇಲೆ ಲಾಗ್ ತೆರೆಯಿರಿ.

ಪರೀಕ್ಷೆಯನ್ನು ಹೊಸ ಕಂಪ್ಯೂಟರ್‌ನಲ್ಲಿ ಮಾಡಿದರೆ ಸಾಲದು. ಅಲ್ಲಿ ಕ್ಯಾಶ್ ಖಾಲಿ ಇರುತ್ತದೆ, ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ನನ್ನ ತಪ್ಪು ನನಗೆ ಅಷ್ಟು ದಿನ ಕಾಣದೇ ಇದ್ದದ್ದು ಇದರಿಂದಲೇ. ಹಳೆಯ ಆವೃತ್ತಿ ಒಮ್ಮೆ ಇಳಿಸಿ, ಸರ್ವರ್‌ನಲ್ಲಿ ಫೈಲ್ ಬದಲಿಸಿ, ಅದೇ ಕಂಪ್ಯೂಟರ್‌ನಲ್ಲಿ ಅದೇ ಬಳಕೆದಾರರ ಹೆಸರಿನಲ್ಲಿ ಮತ್ತೆ ಇಳಿಸಿ ನೋಡಿ.